ಪಂಚಿಂಗ್ ಮನೆಯ ಹಳೇ ಕಂಪ್ಯೂಟರ್

ಶಶಿರೇಖಾ ಮದುವೆಯಾಗಿ ಆವತಿಯಿಂದ ದೊಡ್ಡಬಳ್ಳಾಪುರಕ್ಕೆ ಬಂದಾಗ ಅವಳಿಗೆ ಹತ್ತೊಂಬತ್ತು ವರ್ಷ. ಬಂದ ಮೊದಲ ವಾರವೆಲ್ಲ ತಲೆನೋವು. ಎಡಮನೆಯಲ್ಲಿ ನಾಲ್ಕು ಮಗ್ಗ, ಬಲಮನೆಯಲ್ಲಿ ಆರು, ಎದುರು ಸಾಲಿನಲ್ಲಿ ಎಷ್ಟಿದ್ದವೋ ಎಣಿಸಿದವರಿಲ್ಲ. ಕರೆಂಟು ಇದ್ದಷ್ಟು ಹೊತ್ತೂ ಕಟಪಟ ಕಟಪಟ. ಗಂಡ ಕೆಂಪರಾಜ್ ಕಾರ್ಖಾನೆಯೊಂದರ ಬಸ್ಸು ಓಡಿಸುತ್ತಿದ್ದ. ಅವನು ಹೊರಗಿನಿಂದ ಬಂದವನೇ ಊಟಕ್ಕೆ ಕೂತು ಏನಾದರೂ ಕೇಳಿದರೆ ಕೂಗಿ ಉತ್ತರ ಹೇಳಬೇಕಾಗುತ್ತಿತ್ತು. ಒಂದು ತಿಂಗಳು ಕಳೆಯುವಷ್ಟರಲ್ಲಿ ಆ ಸದ್ದು ಅವಳ ಕಿವಿಗೆ ಬೀಳುವುದೇ ನಿಂತುಹೋಯಿತು. ಕರೆಂಟು ಹೋದಾಗ ಮಾತ್ರ ಏನೋ ಆಗಿದೆ ಅನ್ನಿಸಿ ಬಾಗಿಲಿಗೆ ಬಂದು ನೋಡುತ್ತಿದ್ದಳು.

ಆ ಬೀದಿಯ ಕೊನೆಯಲ್ಲಿತ್ತು ಪಂಚಿಂಗ್ ಮನೆ. ಸೀರೆಯ ಅಂಚಿನಲ್ಲಿ ಹಂಸ ಬರಬೇಕು, ಸೆರಗಿನಲ್ಲಿ ಮಾವಿನಕಾಯಿ ಬರಬೇಕು ಅಂದರೆ ಅದನ್ನು ಮಗ್ಗಕ್ಕೆ ಯಾರಾದರೂ ಹೇಳಬೇಕಲ್ಲ. ಹೇಳುವುದು ರಟ್ಟಿನ ಕಾರ್ಡುಗಳು. ಉದ್ದನೆಯ ಪಟ್ಟಿ, ಅದರ ತುಂಬ ಸಣ್ಣ ಸಣ್ಣ ತೂತು. ತೂತಿದ್ದ ಕಡೆ ಉದ್ದಕ್ಕೆ ಹಾಯುವ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಸುಮ್ಮನಿರುತ್ತದೆ. ಅಡ್ಡ ಹಾಯುವ ಒಂದು ಹೊಕ್ಕಿಗೆ ಒಂದು ಕಾರ್ಡು. ಅಂಥ ನೂರಾರು ಕಾರ್ಡುಗಳನ್ನು ದಾರದಲ್ಲಿ ಸರವಾಗಿ ಪೋಣಿಸಿ ಮಗ್ಗದ ನೆತ್ತಿಯ ಮೇಲೆ ಹಾಕಿದರೆ, ಸರ ಸುತ್ತಿದಂತೆಲ್ಲ ಕೆಳಗೆ ಜರಿಯಲ್ಲಿ ಹಂಸ ಮೂಡುತ್ತಾ ಹೋಗುತ್ತದೆ. ಆ ತೂತು ಹೊಡೆಯುವ ಜಾಗವೇ ಪಂಚಿಂಗ್ ಮನೆ. ಶಶಿರೇಖಾ ಅಲ್ಲಿಗೆ ಮೊದಲು ಹೋದದ್ದು ಕಾರ್ಡು ಪೋಣಿಸುವ ಕೆಲಸಕ್ಕೆ.

ಅಲ್ಲಿ ಡಿಸೈನ್ ಬರೆಯುತ್ತಿದ್ದವರು ದೊಡ್ಡಮುನಿಯಪ್ಪ. ಎಲ್ಲರ ಬಾಯಲ್ಲೂ ಅವರು ಮೇಷ್ಟ್ರು. ಗ್ರಾಫ್ ಹಾಳೆಯ ಮೇಲೆ ಕೆಂಪು ಪೆನ್ಸಿಲ್ ಹಿಡಿದು ಕೂತರೆಂದರೆ ಮಧ್ಯಾಹ್ನದ ಊಟ ಮರೆಯುತ್ತಿದ್ದರು. ಒಂದೊಂದು ಚೌಕಕ್ಕೂ ಅವರು ‘ಮನೆ’ ಎನ್ನುತ್ತಿದ್ದರು. ಅವರ ಹಂಸಕ್ಕೆ ಕತ್ತು ತುಸು ಹೆಚ್ಚೇ ಬಾಗಿರುತ್ತಿತ್ತು. ಅದನ್ನು ನೋಡಿದವರು ಇದು ಮೇಷ್ಟ್ರ ಕೈಯದ್ದು ಎಂದು ಗುರುತು ಹಿಡಿಯುತ್ತಿದ್ದರು.

ಅವಳು ಕೆಲಸಕ್ಕೆ ಸೇರಿದ ವರ್ಷವೇ ಪಂಚಿಂಗ್ ಮನೆಗೆ ಕಂಪ್ಯೂಟರ್ ಬಂತು. ಜೊತೆಗೆ ಕಬ್ಬಿಣದ ಪಂಚಿಂಗ್ ಯಂತ್ರ. ಕಂಪ್ಯೂಟರಿನ ಹೊಟ್ಟೆಯೊಳಗೆ ಒಂದು ಹಸಿರು ಹಲಗೆ ಸಿಕ್ಕಿಸಿ, ಅಲ್ಲಿಂದ ಬೆರಳುಗಾತ್ರದ ಕೇಬಲನ್ನು ಯಂತ್ರಕ್ಕೆ ಎಳೆದಿದ್ದರು. ತೆರೆಯ ಮೇಲೆ ಬರೆದದ್ದನ್ನು ಯಂತ್ರ ತಾನೇ ತೂತು ಹೊಡೆದುಕೊಡುತ್ತಿತ್ತು. ಮೇಷ್ಟ್ರಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ.

“ಆ ಪೆಟ್ಗೆ ಯಾವತ್ತಾದ್ರೂ ಕೆರೆಯಲ್ಲಿ ಹಂಸ ನೋಡೈತಾ?” ಎಂದು ಕೇಳಿದ್ದರು.

ಪಂಚಿಂಗ್ ಮನೆಯಲ್ಲಿ ಪಿಯುಸಿವರೆಗೆ ಓದಿದವಳು ಶಶಿರೇಖಾ ಒಬ್ಬಳೇ. ಹಾಗಾಗಿ ಅಲ್ಲಿಯ ಯಜಮಾನರು ಅವಳನ್ನೇ ಕಂಪ್ಯೂಟರಿನ ಮುಂದೆ ಕೂರಿಸಿದರು. ಮೊದಮೊದಲು ಒಂದೊಂದು ಕೀಲಿಯನ್ನೂ ಹುಡುಕಿ ಹುಡುಕಿ ಒತ್ತುತ್ತಿದ್ದಳು. ಆರು ತಿಂಗಳಾದ ಮೇಲೆ ಕಣ್ಣುಮುಚ್ಚಿಕೊಂಡೂ ಒತ್ತುತ್ತಿದ್ದಳು. ಮೇಷ್ಟ್ರು ಒಂದು ದಿನ ಕುರ್ಚಿ ಎಳೆದುಕೊಂಡು ಬಂದು ಅವಳ ಪಕ್ಕ ಕೂತರು. ಕೈಯಲ್ಲಿ ಅವರ ಹಾಳೆಗಳ ಸುರುಳಿ. ಅಲ್ಲಿಂದ ಎರಡು ವರ್ಷ ಇಬ್ಬರೂ ಸೇರಿ, ಮನೆ ಮನೆಯಾಗಿ, ಅವರ ಐವತ್ತೆಂಟು ಡಿಸೈನುಗಳನ್ನು ಕಂಪ್ಯೂಟರಿಗೆ ಇಳಿಸಿದರು. ಮುಂದೆ ಆ ಹಾಳೆಗಳಿಗೆ ಗೆದ್ದಲು ಹಿಡಿಯಿತು. ಕಂಪ್ಯೂಟರಿನಲ್ಲಿ ಇವೆಯಲ್ಲ ಎಂದು ಯಾರೂ ಅಷ್ಟು ತಲೆಕೆಡಿಸಿಕೊಳ್ಳಲಿಲ್ಲ.

ಇಪ್ಪತ್ತೇಳು ವರ್ಷ ಹೀಗೇ ನಡೆಯಿತು. ಯಜಮಾನರು ತೀರಿಕೊಂಡು ಅವರ ಮಗ ಬೈರೇಶ್ ನೋಡಿಕೊಳ್ಳತೊಡಗಿದ. ಮೇಷ್ಟ್ರು ಕಣ್ಣು ಮಂಜಾಗಿ ಮನೆ ಸೇರಿದರು. ಶಶಿರೇಖಾಳ ಮಗಳು ಸಿಂಧು ನರ್ಸಿಂಗ್ ಓದಿ ದೇವನಹಳ್ಳಿಯಲ್ಲಿ ಕೆಲಸಕ್ಕೆ ಸೇರಿದಳು. ಊರಿನ ದೊಡ್ಡ ಶೆಡ್ಡುಗಳಿಗೆ ಕಾರ್ಡೇ ಬೇಡದ, ಡಿಸೈನನ್ನು ನೇರವಾಗಿ ಮಗ್ಗಕ್ಕೆ ಹೇಳುವ ಎಲೆಕ್ಟ್ರಾನಿಕ್ ಜಕಾರ್ಡು ಯಂತ್ರಗಳು ಬಂದವು. ಆದರೆ ಮನೆಯಲ್ಲೇ ಎರಡೋ ನಾಲ್ಕೋ ಮಗ್ಗ ಇಟ್ಟುಕೊಂಡವರು ಇನ್ನೂ ರಟ್ಟಿನ ಕಾರ್ಡನ್ನೇ ನಂಬಿದ್ದರು. ಅವರೆಲ್ಲ ಬರುತ್ತಿದ್ದುದು ಈ ಪಂಚಿಂಗ್ ಮನೆಗೆ. ಕಂಪ್ಯೂಟರಿನ ಬಿಳಿ ಮೈ ಬಾಳೆಹಣ್ಣಿನ ಸಿಪ್ಪೆಯ ಬಣ್ಣಕ್ಕೆ ತಿರುಗಿತ್ತು. ಅದನ್ನು ಬದಲಾಯಿಸುವಂತೆಯೂ ಇರಲಿಲ್ಲ. ಆ ಹಸಿರು ಹಲಗೆ ಕೂರುವ ಜಾಗವೇ ಹೊಸ ಕಂಪ್ಯೂಟರುಗಳಲ್ಲಿ ಇಲ್ಲ. ಅದನ್ನು ಮಾಡಿಕೊಟ್ಟಿದ್ದವರೂ ಎಂದೋ ಬಾಗಿಲು ಹಾಕಿಕೊಂಡಿದ್ದರು.

ಅದು ಶ್ರಾವಣ ಹಿಡಿದ ವಾರ. ವರಮಹಾಲಕ್ಷ್ಮಿ ಹಬ್ಬ ಹತ್ತಿರವಾಗಿ ಎಲ್ಲರಿಗೂ ಸೀರೆಯ ಅವಸರ. ಸೋಮವಾರ ಬೆಳಿಗ್ಗೆ ಶಶಿರೇಖಾ ಎಂದಿನಂತೆ ಸ್ವಿಚ್ ಹಾಕಿದಳು. ಫ್ಯಾನು ತಿರುಗಿತು, ತೆರೆ ಬೆಳಗಿತು, ಐದಾರು ನಿಮಿಷ ಎಲ್ಲ ಸರಿಯಾಗೇ ನಡೆಯಿತು, ಆಮೇಲೆ ಒಳಗಿನಿಂದ ಟಕ್, ಟಕ್, ಟಕ್ ಎಂದು ಸದ್ದು. ತೆರೆಯ ಮೇಲೆ ಒಂದೇ ಸಾಲು ಬಂದು ನಿಂತಿತು. ಅವಳು ಆರಿಸಿ ಮತ್ತೆ ಹಾಕಿದಳು. ಮತ್ತದೇ ಟಕ್, ಟಕ್.

ಬೈರೇಶ್ ಅಂಗಡಿಯೊಂದರಿಂದ ಕಂಪ್ಯೂಟರ್ ರಿಪೇರಿಯವನನ್ನು ಕರೆತಂದ. ಅವನು ಮುಚ್ಚಳ ಬಿಚ್ಚಿ, ಒಂದು ನಿಮಿಷ ಕಿವಿಗೊಟ್ಟು, ಮುಚ್ಚಳವನ್ನು ಹಾಗೇ ಬಿಟ್ಟು ಎದ್ದ.

“ಹಾರ್ಡ್ ಡಿಸ್ಕ್ ಹೋಗೈತೆ ಸಾರ್. ಈ ಕಾಲದ್ದು ಈಗ ಎಲ್ಲೂ ಸಿಗಲ್ಲ. ಗುಜರಿಗೆ ಹಾಕ್ಬಿಡಿ” ಎಂದ.

ಅವನು ಹೋದ ಮೇಲೆ ಬೈರೇಶ್ ಯಂತ್ರದ ಮೇಲೆ ಕೈಯಿಟ್ಟು ನಿಂತ. ಚಡ್ಡಿ ಹಾಕಿಕೊಂಡು ಇದೇ ಯಂತ್ರದ ಕೆಳಗೆ ಬಿದ್ದ ರಟ್ಟಿನ ಚುಕ್ಕಿಗಳನ್ನು ಜೇಬಿಗೆ ತುಂಬಿಕೊಳ್ಳುತ್ತಿದ್ದವನು ಅವನು. ಶಶಿರೇಖಾಳಿಗೆ ಅದು ಕಣ್ಣಿಗೆ ಕಟ್ಟಿದಂತಿತ್ತು.

“ಶಶಕ್ಕ, ನಿಂಗೆ ಹೇಳಿರ್ಲಿಲ್ಲ. ಕೊರಿಯರ್‌ನೋರು ಈ ಜಾಗ ಬಾಡ್ಗೆಗೆ ಕೇಳ್ತಾವ್ರೆ. ನಾನೇ ಏನೂ ಹೇಳ್ದೆ ಮುಂದಕ್ಕೆ ಹಾಕ್ತಿದ್ದೆ. ಈಗ ಇದೇ ನಿಂತೋಯ್ತಲ್ಲ” ಎಂದ.

“ಯಂತ್ರ ನಿಂತಿಲ್ಲ ಕಣಪ್ಪಾ. ಅದಕ್ಕೆ ಹೇಳ್ಕೊಡೋದು ನಿಂತೈತೆ, ಅಷ್ಟೇ.”

“ಎರಡೂ ಒಂದೇ ಅಲ್ವೇನಕ್ಕ?”

“ಒಂದಲ್ಲ. ನಂಗೆ ಹತ್ತು ದಿನ ಕೊಡು ಬೈರೇಶ. ಆಗ್ಲಿಲ್ಲ ಅಂದ್ರೆ ನಾನೇ ನಿಂತು ಗುಜರಿ ಗಾಡಿಗೆ ಎತ್ತಿಸ್ತೀನಿ.”

ಹಾಗೆ ಹೇಳಿಬಿಟ್ಟಳು, ಆದರೆ ಏನು ಮಾಡಬೇಕೆಂದು ಅವಳಿಗೇ ಗೊತ್ತಿರಲಿಲ್ಲ. ಮನೆಗೆ ಬಂದು ಫೋನಿನಲ್ಲಿ ಹುಡುಕಿದಳು. ಹಳೆ ಕಂಪ್ಯೂಟರ್, ಹಾರ್ಡ್ ಡಿಸ್ಕ್ ಎಂದು ಗೊತ್ತಿದ್ದ ಇಂಗ್ಲಿಷಿನಲ್ಲೇ ಬರೆದಳು. ಪ್ರಪಂಚದಲ್ಲಿ ಇಂಥ ಹಳೆ ಕಂಪ್ಯೂಟರುಗಳನ್ನು ಸಾಕಿಕೊಂಡವರು ಅಷ್ಟೊಂದು ಜನ ಇರುತ್ತಾರೆಂದು ಅವಳಿಗೆ ಅವತ್ತೇ ಗೊತ್ತಾದದ್ದು. ಒಬ್ಬ ಮುದುಕರ ವಿಡಿಯೋ ಅವಳಿಗೆ ಹಿಡಿಸಿತು. ಯಾವ ದೇಶದವರೋ, ಯಾವ ಭಾಷೆಯೋ, ಒಂದು ಮಾತೂ ಅರ್ಥವಾಗಲಿಲ್ಲ. ಆದರೆ ಅವರ ಕೈ ನಿಧಾನವಾಗಿ ಕೆಲಸ ಮಾಡುತ್ತಿತ್ತು. ಕೆಟ್ಟ ಹಾರ್ಡ್ ಡಿಸ್ಕಿನ ಜಾಗಕ್ಕೆ ಅವರು ಬೆಂಕಿಪೊಟ್ಟಣದಷ್ಟು ಅಗಲದ ಒಂದು ಮೆಮೊರಿ ಕಾರ್ಡು ಹಾಕಿದರು. ಕಾರ್ಡಿಗೂ ಹಳೆಯ ಅಗಲ ಕೇಬಲಿಗೂ ನಡುವೆ ಅಂಗೈಯಷ್ಟಗಲದ ಒಂದು ಹಲಗೆ. ಅಡಾಪ್ಟರ್. ಈ ಕಡೆ ಹೊಸ ಕಾರ್ಡು ಕೂರುತ್ತದೆ, ಆ ಕಡೆ ಹಳೆ ಕೇಬಲಿಗೆ ನಲವತ್ತು ಸೂಜಿ. ಕಂಪ್ಯೂಟರಿಗೆ ಅದು ಮೆಮೊರಿ ಕಾರ್ಡೆಂದು ಗೊತ್ತೇ ಆಗುವುದಿಲ್ಲ, ತನ್ನ ಹಳೆ ಹಾರ್ಡ್ ಡಿಸ್ಕೇ ಎಂದುಕೊಂಡು ಓದುತ್ತದೆ.

ಶಶಿರೇಖಾ ಆ ವಿಡಿಯೋವನ್ನು ಆರು ಸಲ ನೋಡಿದಳು. ಅಷ್ಟು ಚಿಕ್ಕ ಹಲಗೆ, ಹೋಟೆಲಿನಲ್ಲಿ ಎರಡು ಸಲ ಊಟ ಮಾಡಿದಷ್ಟು ಬೆಲೆ. ಸಿಂಧುವಿಗೆ ಫೋನ್ ಮಾಡಿ ತರಿಸಲು ಹೇಳಿದಳು. ಜೊತೆಗೊಂದು ಕಾರ್ಡನ್ನೂ. ಇರುವುದರಲ್ಲಿ ದೊಡ್ಡದೇ ಇರಲಿ ಎಂದಳು.

ಮೂರನೇ ದಿನ ಎರಡೂ ಬಂದವು. ಕೆಂಪರಾಜ್ ಪಾಳಿ ಮುಗಿಸಿ ಬಂದವನು ಸ್ಕ್ರೂಡ್ರೈವರ್ ಹಿಡಿದು ಅವಳ ಜೊತೆ ಪಂಚಿಂಗ್ ಮನೆಗೆ ಬಂದ. ಬಸ್ಸಿನ ಇಂಜಿನ್ನು ಬಿಚ್ಚಿ ಅಭ್ಯಾಸವಿದ್ದವನಿಗೆ ಈ ಎಳೆ ಎಳೆ ವೈರುಗಳನ್ನು ಮುಟ್ಟಲು ಹೆದರಿಕೆ.

“ಲೇ ಶಶಿ, ಕರೆಂಟು ಹೊಡೀತದೇನೋ ನೋಡೇ” ಎಂದ.

“ಪ್ಲಗ್ಗು ತೆಗ್ದಿದೀನಿ ಕಣ್ರೀ. ನೀವು ಬ್ಯಾಟ್ರಿ ಹಿಡ್ಕೊಂಡು ಬೆಳಕು ತೋರ್ಸಿ ಸಾಕು.”

ಕೇಬಲಿನ ಕೆಂಪು ಗೆರೆಯ ಅಂಚು ಒಂದನೇ ಸೂಜಿಯ ಕಡೆ ಬರುವಂತೆ ನೋಡಿ ಸಿಕ್ಕಿಸಿದಳು. ಸ್ವಿಚ್ ಹಾಕಿದಳು. ತೆರೆಯ ಮೇಲೆ ಅಂಕಿಗಳು ಓಡಿದವು. ಆಮೇಲೆ ಎಲ್ಲ ಗಕ್ಕನೆ ನಿಂತಿತು. ಟಕ್ ಟಕ್ ಸದ್ದೂ ಇಲ್ಲ, ಮುಂದಕ್ಕೂ ಹೋಗುತ್ತಿಲ್ಲ. ಕಾರ್ಡು ತೆಗೆದು ಮತ್ತೆ ಹಾಕಿದಳು. ಮತ್ತೆ ಅದೇ. ಒಂದು ಗಂಟೆ ಹೆಣಗಿ ಅವಳು ಕುರ್ಚಿಯಲ್ಲಿ ಕುಸಿದು ಕೂತಳು. ಕಣ್ಣಲ್ಲಿ ನೀರು ಬಂದಿತ್ತು. ಕೆಂಪರಾಜ್ ಹೊರಗೆ ಹೋಗಿ ಎರಡು ಕಾಫಿ ತಂದ.

ಮಾರನೆಯ ದಿನ ಅದೇ ಮುದುಕರ ಇನ್ನೊಂದು ವಿಡಿಯೋದಲ್ಲಿ ಉತ್ತರ ಸಿಕ್ಕಿತು. ಅವರು ದೊಡ್ಡ ಕಾರ್ಡೊಂದನ್ನು ಹಿಡಿದು ತಲೆಯಾಡಿಸಿ ಪಕ್ಕಕ್ಕಿಟ್ಟರು, ಚಿಕ್ಕದೊಂದನ್ನು ಎತ್ತಿ ನಕ್ಕರು. ಕೆಳಗೆ ಜನ ಇಂಗ್ಲಿಷಿನಲ್ಲಿ ಬರೆದದ್ದನ್ನು ಶಶಿರೇಖಾ ಕೂಡಿಸಿ ಕೂಡಿಸಿ ಓದಿದಳು. ಆ ಕಾಲದ ಕಂಪ್ಯೂಟರಿಗೆ ಸುಮಾರು ಐನೂರು ಎಂಬಿಗಿಂತ ಮೇಲೆ ಎಣಿಸಲು ಬರುವುದಿಲ್ಲ. ಅವಳು ತರಿಸಿದ್ದು ಮೂವತ್ತೆರಡು ಜಿಬಿಯ ಕಾರ್ಡು. ಎಣಿಸಲು ಹೋಗಿ ಅದು ತಬ್ಬಿಬ್ಬಾಗಿ ನಿಂತಿತ್ತು. ಅವಳಿಗೆ ನಗು ಬಂತು. ಬೇಕಾದದ್ದು ಚಿಕ್ಕದು, ಹಳೆಯದು. ಆದರೆ ಅಷ್ಟು ಚಿಕ್ಕ ಕಾರ್ಡನ್ನು ಈಗ ಯಾವ ಅಂಗಡಿಯಲ್ಲೂ ಮಾರುವುದಿಲ್ಲ.

ಅಗಲ ಕಾರ್ಡು, ಹಳೆಯದು ಎಂದು ಯೋಚಿಸುತ್ತಾ ನಡೆಯುವಾಗ ಅವಳಿಗೆ ಫೋಟೋ ಸ್ಟುಡಿಯೋದ ಅಶೋಕ್ ನೆನಪಾದ. ಸಿಂಧು ದೊಡ್ಡವಳಾದಾಗ ಮಾಡಿದ ಆರತಿಗೆ ಅವನೇ ಫೋಟೋ ತೆಗೆದದ್ದು. ಆಗ ತಾನೇ ಡಿಜಿಟಲ್ ಕ್ಯಾಮರಾ ತಂದಿದ್ದವನು, ಕಾರ್ಡು ತೆಗೆದು ತೆಗೆದು ಎಲ್ಲರಿಗೂ ತೋರಿಸಿದ್ದ.

ಅಶೋಕ್ ಸ್ಟುಡಿಯೋದ ಕೆಳಖಾನೆಯನ್ನೆಲ್ಲ ತಲೆಕೆಳಗು ಮಾಡಿದ. ಬೆಲ್ಟು, ಫ್ಲ್ಯಾಶು, ಒಡೆದ ಫಿಲ್ಟರು, ಕೊನೆಗೆ ಒಂದು ಪ್ಲಾಸ್ಟಿಕ್ ಡಬ್ಬಿ.

“ಇನ್ನೂರ ಐವತ್ತಾರು ಎಂಬಿ ಐತೆ ನೋಡಕ್ಕಾ. ಇದ್ರಲ್ಲಿ ಎಂಬತ್ತು ಫೋಟೋ ಹಿಡ್ಯೋದು. ಮದ್ವೆ ಮನೇಲಿ ಧಾರೆ ಟೈಮ್ಗೆ ತುಂಬೋಗಿ ನಾನು ಬೈಸ್ಕೊಂಡಿದ್ದೆಲ್ಲ ಇದ್ರಿಂದ್ಲೇ” ಎಂದ.

“ನಂಗೆ ಇದು ಬೇಕಲ್ಲ ಗುರು.”

“ತಗೊಂಡೋಗಕ್ಕ. ಒಂದ್ನಿಮಿಷ ಇರು, ಒಳಗೇನಾದ್ರೂ ಉಳ್ದೈತಾ ನೋಡ್ತೀನಿ.” ಹನ್ನೊಂದು ಫೋಟೋ ಉಳಿದಿದ್ದವು, ಯಾರದೋ ಗೃಹಪ್ರವೇಶದ್ದು. ಅವನ್ನು ತನ್ನ ಕಂಪ್ಯೂಟರಿಗೆ ಎತ್ತಿಟ್ಟುಕೊಂಡು ಕಾರ್ಡನ್ನು ಅವಳ ಕೈಗಿಟ್ಟ. ಹಾಗೇ ಇನ್ನೊಂದು ಅಂಥದ್ದೇ ಕಾರ್ಡನ್ನೂ ಕೊಟ್ಟ, “ಒಂದು ಹೋದ್ರೆ ಇರ್ಲಿ” ಎಂದು.

ಈ ಸಲ ಅವಳು ಆತುರಪಡಲಿಲ್ಲ. ಕೆಟ್ಟ ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಟ್ಟು, ಅಡಾಪ್ಟರಿನಲ್ಲಿ ಕಾರ್ಡು ಕೂರಿಸಿದಳು. ಕಂಪ್ಯೂಟರಿಗೆ ಡಿಸ್ಕಿನ ಅಳತೆಯನ್ನು ಕೈಯಾರೆ ಹೇಳಿಕೊಡಬೇಕಿತ್ತು. ಅಂಥದೇ ಕಾರ್ಡಿಗೆ ಯಾರೋ ಪುಣ್ಯಾತ್ಮರು ಬರೆದಿಟ್ಟಿದ್ದ ಮೂರು ಅಂಕಿಗಳನ್ನು ಕಾಗದದಲ್ಲಿ ಗುರುತು ಹಾಕಿಕೊಂಡು ಬಂದಿದ್ದಳು: ಒಂಬೈನೂರ ಎಂಬತ್ತು, ಹದಿನಾರು, ಮೂವತ್ತೆರಡು. ಬೂಷ್ಟು ಹಿಡಿದ ಫ್ಲಾಪಿಗಳ ರಾಶಿಯಲ್ಲಿ ಇನ್ನೂ ಜೀವ ಇದ್ದ ಒಂದರಿಂದ ಕಂಪ್ಯೂಟರನ್ನು ಎಬ್ಬಿಸಿ, ಕಾರ್ಡನ್ನು ಸಿದ್ಧ ಮಾಡಿದಳು. ಆಮೇಲೆ ಫ್ಲಾಪಿ ಹೊರಗೆಳೆದು ಸ್ವಿಚ್ ಆರಿಸಿ ಹಾಕಿದಳು.

ಯಾವ ಸದ್ದೂ ಇಲ್ಲ. ಅವಳು ಇದು ಮತ್ತೆ ಕೈಕೊಟ್ಟಿತು ಅಂದುಕೊಳ್ಳುವಷ್ಟರಲ್ಲಿ ಕಪ್ಪು ತೆರೆಯ ಮೂಲೆಯಲ್ಲಿ ಡಿಸ್ಕಿನ ಗುರುತಾದ ಸಿ ಎಂಬ ಅಕ್ಷರ ಬಂದು, ಪಕ್ಕದಲ್ಲಿ ಗೆರೆ ಮಿನುಗತೊಡಗಿತು. ಫ್ಯಾನು ಬಿಟ್ಟರೆ ತಿರುಗುವಂಥದ್ದು ಒಳಗೆ ಏನೂ ಇಲ್ಲವಲ್ಲ, ಸದ್ದೆಲ್ಲಿಂದ ಬರಬೇಕು! ಇಪ್ಪತ್ತೇಳು ವರ್ಷ ಗಿರಗಿರ ಎನ್ನುತ್ತಿದ್ದ ಕಂಪ್ಯೂಟರು ಉಸಿರೇ ಇಲ್ಲದಂತೆ ಎಚ್ಚರಾಗಿತ್ತು.

“ರೀ!” ಎಂದು ಅವಳು ಕೂಗಿದ ಕೂಗಿಗೆ ಹೊರಗೆ ಜಗಲಿಯ ಮೇಲೆ ಕೂತಿದ್ದ ಕೆಂಪರಾಜ್ ಎದ್ದುಬಿದ್ದು ಒಳಗೆ ಓಡಿಬಂದ.

ಕಂಪ್ಯೂಟರಿಗೇನೋ ಜೀವ ಬಂತು. ಆದರೆ ಕಾರ್ಡು ಖಾಲಿ. ಪಂಚಿಂಗ್ ನಡೆಸುವ ಪ್ರೋಗ್ರಾಮು, ಎಲ್ಲ ಡಿಸೈನುಗಳು ಉಳಿದದ್ದು ಆ ಟಕ್ ಟಕ್ ಎನ್ನುವ ಡಿಸ್ಕಿನಲ್ಲಿ. ಈ ನಡುವೆ ಅವಳೊಂದು ಗಮನಿಸಿದ್ದಳು. ಬೆಳಿಗ್ಗೆ ಬಂದ ಕೂಡಲೇ, ತಣ್ಣಗಿರುವಾಗ, ಡಿಸ್ಕು ಐದಾರು ನಿಮಿಷ ಸರಿಯಾಗಿ ತಿರುಗುತ್ತಿತ್ತು. ಬಿಸಿಯಾದರೆ ಮುಷ್ಕರ. ಹಾಗಾದರೆ ದಿನಕ್ಕೆ ಐದಾರು ನಿಮಿಷ. ಅದೂ ಎಷ್ಟು ದಿನವೋ.

ಯಾವುದನ್ನು ಮೊದಲು ಎತ್ತಬೇಕು? ಅವಳ ಮನಸ್ಸು ಮೇಷ್ಟ್ರ ಐವತ್ತೆಂಟರ ಕಡೆಗೇ ಎಳೆಯುತ್ತಿತ್ತು. ಆದರೆ ಬಾಗಿಲಲ್ಲಿ ಹಬ್ಬದ ಆರ್ಡರಿನವರು ಕಾಯುತ್ತಿದ್ದರು. ರಟ್ಟಿನ ಕಾರ್ಡು ಸಿಗದೆ ಒಂಬತ್ತು ಮನೆಯ ಮಗ್ಗಗಳು ಸುಮ್ಮನೆ ನಿಂತಿದ್ದವು. ಮಗ್ಗ ನಿಂತರೆ ಆ ಮನೆಗಳಲ್ಲಿ ಒಲೆ ಹೇಗೆ ಉರಿಯುತ್ತದೆಂದು ಅವಳಿಗೆ ಗೊತ್ತಿತ್ತು. ಹಾಗಾಗಿ ಮೊದಲ ಬೆಳಿಗ್ಗೆ ಡಿಸ್ಕನ್ನೂ ಅಡಾಪ್ಟರನ್ನೂ ಒಂದೇ ಕೇಬಲಿಗೆ ಸಿಕ್ಕಿಸಿ, ಪ್ರೋಗ್ರಾಮನ್ನು ಎತ್ತಿದಳು, ಆಮೇಲೆ ನಡೆಯುತ್ತಿದ್ದ ಆರ್ಡರುಗಳನ್ನು. ಡಿಸ್ಕು ಒಂದೊಂದು ಫೈಲಿಗೂ ಒದ್ದಾಡುತ್ತಿತ್ತು. ಓದಲಾಗದೆ ನಿಂತಾಗೆಲ್ಲ, ಬಿಟ್ಟುಬಿಡಲಾ, ಮತ್ತೆ ಯತ್ನಿಸಲಾ ಎಂದು ತೆರೆಯ ಮೇಲೆ ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಪ್ರತಿ ಸಲವೂ ಶಶಿರೇಖಾ ಮತ್ತೆ ಯತ್ನಿಸು ಎಂದು ಕೀಲಿ ಒತ್ತಿದಳು. ಆರನೇ ನಿಮಿಷಕ್ಕೆ ಟಕ್ ಟಕ್ ಶುರುವಾಯಿತು. ಅಷ್ಟರಲ್ಲಿ ಬೇಕಾದದ್ದು ಈಚೆಗೆ ಬಂದಿತ್ತು.

ಅವತ್ತು ಮಧ್ಯಾಹ್ನ ಪಂಚಿಂಗ್ ಯಂತ್ರ ಧಡಧಡ ಎಂದು ಓಡಿತು. ಕಾದಿದ್ದವರು ಕಾರ್ಡುಗಳನ್ನು ಎತ್ತಿಕೊಂಡು ಬೈಕುಗಳಲ್ಲಿ ಹೋದರು. ಬೈರೇಶ್ ಬಂದು ತೆರೆದ ಡಬ್ಬದೊಳಗೆ ಇಣುಕಿ, ಅಡಾಪ್ಟರನ್ನು ಬೆರಳಿನಿಂದ ಮುಟ್ಟಿದ.

“ಇಷ್ಟೇನಾ ಅಕ್ಕಾ?”

“ಇಷ್ಟೇ ಕಣಪ್ಪಾ.”

ಎರಡನೇ ಬೆಳಿಗ್ಗೆ ಮೇಷ್ಟ್ರದ್ದು. ಒಂದು, ಎರಡು, ಹತ್ತು, ಇಪ್ಪತ್ತು. ಒಂದೊಂದು ಹೆಸರು ತೆರೆಯ ಮೇಲೆ ಬಂದಾಗಲೂ ಅದನ್ನು ಬರೆದ ದಿನ ಅವಳ ಕಣ್ಣ ಮುಂದೆ ಬರುತ್ತಿತ್ತು. ನಲವತ್ತೊಂದನೆಯದು ದಾಟಿತು. ನಲವತ್ತೆರಡರಲ್ಲಿ ಡಿಸ್ಕು ಕಿರ್ರೆಂದು ಒಂದು ಸಲ ಕಿರುಚಿ ನಿಂತಿತು. ಮೂರನೇ ದಿನ ಅದು ತಿರುಗಲೇ ಇಲ್ಲ. ನಾಲ್ಕನೇ ದಿನವೂ ಇಲ್ಲ. ವಿಡಿಯೋದಲ್ಲಿ ನೋಡಿದಂತೆ ಕೈಯಲ್ಲಿ ಹಿಡಿದು ಮಣಿಕಟ್ಟಿನಿಂದ ಒಮ್ಮೆ ತಿರುವಿ ನೋಡಿದಳು. ಏನೂ ಆಗಲಿಲ್ಲ. ಹದಿನೇಳು ಡಿಸೈನುಗಳು ಅದರೊಳಗೇ ಉಳಿದವು.

ಹೇಳದೆ ಇರುವುದು ಸರಿಯಲ್ಲ ಎಂದು ಅವತ್ತು ಮಧ್ಯಾಹ್ನ ಅವಳು ಮೇಷ್ಟ್ರ ಮನೆಗೆ ಹೋದಳು. ಎಂಬತ್ಮೂರು ವರ್ಷದ ದೊಡ್ಡಮುನಿಯಪ್ಪ ಜಗಲಿಯ ಮೇಲೆ ಬಿಸಿಲು ಕಾಯುತ್ತಾ ಕೂತಿದ್ದರು. ಹತ್ತಿರ ಹೋಗಿ ಮಾತಾಡಿಸಿದಾಗ ದನಿಯಿಂದಲೇ ಗುರುತು ಹಿಡಿದರು. ಅವಳು ನಡೆದದ್ದನ್ನೆಲ್ಲ ಹೇಳಿದಳು. ಆರ್ಡರು ಮೊದಲು ಎತ್ತಿದ್ದು, ಅವರದ್ದು ಎರಡನೇ ದಿನಕ್ಕೆ ಬಿಟ್ಟದ್ದು, ಹದಿನೇಳು ಹೋದದ್ದು.

“ಮೊದ್ಲನೇ ದಿನವೇ ನಿಮ್ದು ತೆಗೀಬೇಕಾಗಿತ್ತು ಮೇಷ್ಟ್ರೇ. ತಪ್ಪಾಯ್ತು” ಎಂದಳು.

“ಮಗ್ಗ ನಿಂತಿದ್ದೋರಿಗೆ ಕಾರ್ಡು ಕೊಟ್ಟಿದ್ದು ತಪ್ಪಾ? ಏನ್ ಮಾತು ಆಡ್ತೀಯಮ್ಮಾ” ಎಂದರು ಅವರು. ಆಮೇಲೆ ಕೇಳಿದರು: “ಹೋಗಿರೋವು ಯಾವ್ಯಾವು ಹೇಳು.”

ಅವಳು ಪಟ್ಟಿ ಓದಿದಳು. ಜೋಡಿ ನವಿಲು. ತೇರು ಅಂಚು. ಸಂಪಿಗೆ ಮೊಗ್ಗು.

“ಜೋಡಿ ನವಿಲು ಕೆರೆ ಬೀದಿ ಪಿಳ್ಳಮ್ಮನ ಮನೇಗೆ ಹೋಗಿತ್ತು. ತೇರು ಅಂಚು ಇಬ್ರು ತಗೊಂಡಿದ್ರು. ಒಬ್ರು ಮಗ್ಗ ಮಾರ್ಕೊಂಡು ಹೋದ್ರು, ಇನ್ನೊಬ್ರು ವರಲಕ್ಷ್ಮಮ್ಮ, ಅವ್ರಿನ್ನೂ ಅವ್ರೆ. ಲೇ ಶಶಿ, ನೀನು ಹೊಡ್ದು ಕೊಟ್ಟಿರೋ ಕಾರ್ಡುಗಳು ಎಲ್ಲಿಗೆ ಹೋಗ್ತಾವಮ್ಮಾ? ಮಗ್ಗದಿಂದ ಇಳಿಸ್ದೋರು ಯಾರೂ ಒಲೆಗೆ ಹಾಕಲ್ಲ. ಅಟ್ಟ ಹತ್ತಿ ನೋಡು ಹೋಗು.”

ಅವಳಿಗೆ ಥಟ್ಟನೆ ಹೊಳೆಯಿತು. ಕಾರ್ಡಿನಲ್ಲಿರುವುದು ತೂತೇ ತಾನೇ. ತೂತು ನೋಡಿಕೊಂಡು ಒಂದೊಂದಾಗಿ ತೆರೆಯ ಮೇಲೆ ತುಂಬಿದರೆ ಡಿಸೈನು ಹಿಂದಕ್ಕೆ ಬರುತ್ತದೆ. ಇಷ್ಟು ವರ್ಷ ಆ ಕೆಲಸವನ್ನು ಅವಳು ಒಂದು ದಿಕ್ಕಿನಿಂದಷ್ಟೇ ಮಾಡಿದ್ದಳು.

ಪಿಳ್ಳಮ್ಮ ಎಪ್ಪತ್ತು ದಾಟಿದ ಗಟ್ಟಿಗಿತ್ತಿ. ಮಗನನ್ನು ಅಟ್ಟ ಹತ್ತಿಸಿ, ಬಟ್ಟೆಯಲ್ಲಿ ಸುತ್ತಿದ್ದ ಕಾರ್ಡಿನ ಸರವನ್ನು ಇಳಿಸಿದಳು. ಒಂದು ಅಂಚನ್ನು ಇಲಿ ಕಡಿದಿತ್ತು.

“ಕೊಡ್ತೀನಿ ಕಣಮ್ಮಾ, ಆದ್ರೆ ಸುಮ್ನೆ ಕೊಡಲ್ಲ. ಮೇಷ್ಟ್ರ ನವಿಲು ನನ್ನ ಮಗ್ಗದ ಮೇಲೆ ಇನ್ನೊಂದ್ಸಲ ಕೂತ್ಕೋಬೇಕು. ಹೊಸ ಸರ ಹೊಡ್ದು ಕೊಡ್ಬೇಕು ನೀನು” ಎಂದಳು.

“ಮೊದಲ್ನೇ ಸರ ನಿಮ್ಗೇ ಅಮ್ಮಾ.”

ಸುದ್ದಿ ಮನೆಯಿಂದ ಮನೆಗೆ ಹೋಯಿತು. ಮಗ್ಗದವರು ತಾವಾಗಿಯೇ ಸೈಕಲ್ಲಿನ ಹಿಂದೆ, ಆಟೋದಲ್ಲಿ, ತಲೆಯ ಮೇಲೆ ಹೊತ್ತು ತಂದರು. ಗೋಣಿಚೀಲ ಬಿಚ್ಚಿದರೆ ಧೂಳು, ಜಿರಲೆ ಮೊಟ್ಟೆ, ಅದರ ನಡುವೆ ಕಾರ್ಡುಗಳು. ಬೈರೇಶ್ ಕೂಡ ಚಾಪೆ ಹಾಸಿಕೊಂಡು ಕೂತು ಧೂಳು ಕೊಡವಿ, ಒಂದೊಂದು ಕಾರ್ಡಿನ ತೂತುಗಳನ್ನು ಓದಿ ಹೇಳಿದ. ಶಶಿರೇಖಾ ತುಂಬಿದಳು. ದಸರಾ ಬರುವಷ್ಟರಲ್ಲಿ ಹದಿನಾರು ಡಿಸೈನುಗಳು ಮತ್ತೆ ಒಳಗೆ ಬಂದಿದ್ದವು. ಕೊರಿಯರಿನವರಿಗೆ ಬೈರೇಶ್ ಏನು ಹೇಳಿದನೋ, ಅವರು ಬಸ್ ನಿಲ್ದಾಣದ ಹತ್ತಿರ ಬೇರೆ ಜಾಗ ಹಿಡಿದರೆಂದು ಆಮೇಲೆ ಗೊತ್ತಾಯಿತು.

ಸಿಗದೆ ಉಳಿದದ್ದು ಒಂದೇ ಒಂದು, ಒಂಟಿ ಹಂಸ. ಅದರ ಕಾರ್ಡು ಯಾವ ಮನೆಯಲ್ಲೂ ಇರಲಿಲ್ಲ. ಶಶಿರೇಖಾ ಕಾಗದ ಹಿಡಿದು ಮೇಷ್ಟ್ರ ಬಳಿ ಮತ್ತೆ ಹೋದಳು. ಅವರು ಕಣ್ಣು ಮುಚ್ಚಿಕೊಂಡು ಹೇಳತೊಡಗಿದರು, ಎಡಕ್ಕೆ ಮೂರು ಮನೆ, ಮೇಲಕ್ಕೆ ಎರಡು, ಎಂದು. ರೆಕ್ಕೆ ಬಂತು, ಎದೆ ಬಂತು. ಕತ್ತಿನ ಬುಡಕ್ಕೆ ಬಂದವರು ನಿಂತರು. ಬೆರಳುಗಳು ಗಾಳಿಯಲ್ಲಿ ಏನನ್ನೋ ಹುಡುಕಿದವು.

“ಹೋಯ್ತು ಕಣಮ್ಮಾ. ಮುಂದಕ್ಕೆ ಗೊತ್ತಾಗ್ತಿಲ್ಲ” ಎಂದರು. ಆ ದನಿಯಲ್ಲಿ ಬೇಸರಕ್ಕಿಂತ ಆಶ್ಚರ್ಯವೇ ಹೆಚ್ಚಿತ್ತು. “ಮುಂದಿಂದು ನೀನೇ ಬರಿ.”

“ನಾನಾ? ನಾನ್ಯಾವತ್ತು ಮೇಷ್ಟ್ರೇ ಸ್ವಂತ ಬರ್ದಿದೀನಿ? ನೀವು ಬರ್ದಿದ್ದನ್ನ ಇಳ್ಸಿದೀನಿ ಅಷ್ಟೇ.”

“ಇಪ್ಪತ್ತೇಳು ವರ್ಷ ಇಳ್ಸಿದ ಕೈಗೆ ಕತ್ತು ಬರ್ಯಾಕ್ ಬರಲ್ವಾ? ನನ್ನ ಥರಾನೇ ಬರೀಬೇಡ. ನಿನ್ನ ಥರ ಬರಿ.”

ಅದಕ್ಕೆ ಅವಳು ತೆಗೆದುಕೊಂಡದ್ದು ಇಪ್ಪತ್ತು ದಿನ. ತವರೂರು ಆವತಿಯ ಕೆರೆಯಲ್ಲಿ ಚಿಕ್ಕಂದಿನಲ್ಲಿ ನೋಡಿದ ಬಾತುಗಳನ್ನು ನೆನೆಸಿಕೊಂಡಳು. ಅವು ನೀರು ಕುಡಿದು ತಲೆಯೆತ್ತಿ ಸುತ್ತ ನೋಡುತ್ತಿದ್ದ ಆ ಗಳಿಗೆ ಅವಳಿಗೆ ಇಷ್ಟ. ಅವಳ ಹಂಸ ಕತ್ತು ಬಾಗಿಸಲಿಲ್ಲ, ತಲೆಯೆತ್ತಿ ಹಿಂದಕ್ಕೆ ತಿರುಗಿ ನೋಡಿತು. ಪಿಳ್ಳಮ್ಮನ ಮಗ್ಗದಲ್ಲಿ ಅದರ ಮೊದಲ ಸೀರೆ ಇಳಿಯಿತು. ಶಶಿರೇಖಾ ಅದನ್ನು ಒಯ್ದು ಮೇಷ್ಟ್ರ ಮಡಿಲಲ್ಲಿ ಹರಡಿದಾಗ, ಅವರು ಜರಿಯ ಮೇಲೆ ಹೆಬ್ಬೆರಳು ಆಡಿಸುತ್ತಾ ಹೋಗಿ ಹಂಸದ ತಲೆಯ ಹತ್ತಿರ ನಿಲ್ಲಿಸಿದರು.

“ಇದು ಯಾವ ಕಡೆ ನೋಡ್ತೈತೆ?”

“ಹಿಂದಕ್ಕೆ ಮೇಷ್ಟ್ರೇ.”

“ಭಲೇ” ಎಂದರು. ಅಷ್ಟೇ ಅಂದದ್ದು. ಆದರೆ ಸೊಸೆಯನ್ನು ಕೂಗಿ, ಬಂದವಳಿಗೂ ಮುಟ್ಟಿ ನೋಡಲು ಹೇಳಿದರು.

ಈಗ ಎಲ್ಲ ಡಿಸೈನುಗಳೂ ಎರಡೆರಡು ಕಡೆ ಇವೆ. ಒಂದು ಮೆಮೊರಿ ಕಾರ್ಡು ಕಂಪ್ಯೂಟರಿನಲ್ಲಿ, ಅಶೋಕ್ ಕೊಟ್ಟ ಇನ್ನೊಂದು ಬೈರೇಶನ ಮನೆಯ ಬೀರುವಿನಲ್ಲಿ. ತಿಂಗಳಿಗೊಮ್ಮೆ ಶಶಿರೇಖಾ ಅದನ್ನು ತಂದು ಹೊಸದನ್ನೆಲ್ಲ ಸೇರಿಸಿ ವಾಪಸು ಇಡಿಸುತ್ತಾಳೆ.

ಕೆಂಪರಾಜ್ ಬಸ್ಸಿನಲ್ಲಿ ಕೂತವರಿಗೆಲ್ಲ ಹೆಂಡತಿಯ ಸುದ್ದಿ ಹೇಳಿದ್ದ. ಆ ಮಾತು ಎಲ್ಲೆಲ್ಲಿಗೆ ಹೋಯಿತೋ, ಸಂಕ್ರಾಂತಿ ಕಳೆದ ಮೇಲೆ ಹೊಸಕೋಟೆಯ ಹತ್ತಿರ ಪಿಲ್ಲಗುಂಪೆಯಿಂದ ಫೋನ್ ಬಂತು. ಅಲ್ಲಿ ಒಂದು ಚಿಕ್ಕ ಕಾರ್ಖಾನೆ, ಸ್ಪ್ರಿಂಗು ಮಾಡುವವರು. ಸ್ಪ್ರಿಂಗಿನ ಬಲ ಅಳೆಯುವ ಯಂತ್ರವೊಂದಕ್ಕೆ ಇಂಥದ್ದೇ ಹಳೆ ಕಂಪ್ಯೂಟರು, ಅದೂ ನಿಂತಿದೆ. ಶಶಿರೇಖಾ ಹೊಸದಾಗಿ ತರಿಸಿದ ಅಡಾಪ್ಟರು, ಅಶೋಕ್ ಹುಡುಕಿಕೊಟ್ಟ ಮತ್ತೊಂದು ಚಿಕ್ಕ ಕಾರ್ಡು, ಕಂಪ್ಯೂಟರ್ ಎಬ್ಬಿಸುವ ಡಾಸ್ ಫ್ಲಾಪಿ, ಸ್ಕ್ರೂಡ್ರೈವರನ್ನು ಊಟದ ಬುತ್ತಿಯ ಜೊತೆ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು. ಅಷ್ಟು ದೂರ ಒಬ್ಬಳೇ ಕೆಲಸಕ್ಕೆಂದು ಹೋದದ್ದು ಅದೇ ಮೊದಲು.

ಆ ಯಂತ್ರ ನಡೆಸುವವಳು ಶಿಲ್ಪ, ಮೂವತ್ತರ ಆಸುಪಾಸು. ಯಂತ್ರ ಹೋದರೆ ತನ್ನನ್ನು ಪ್ಯಾಕಿಂಗಿಗೆ ಹಾಕುತ್ತಾರೆಂದು ಮುಖ ಬಾಡಿಸಿಕೊಂಡಿದ್ದಳು. ಅಲ್ಲಿಯ ಡಿಸ್ಕು ಅಷ್ಟೇನೂ ಕೆಟ್ಟಿರಲಿಲ್ಲ, ಸೊರಗಿತ್ತು ಅಷ್ಟೇ. ಎಲ್ಲ ಒಂದೇ ಸಲಕ್ಕೆ ಈಚೆ ಬಂತು. ಮಧ್ಯಾಹ್ನದ ಸೈರನ್ನು ಕೂಗುವ ಮೊದಲೇ ಶಿಲ್ಪ ಒಂದು ಸ್ಪ್ರಿಂಗನ್ನು ಇಟ್ಟು ಒತ್ತಿದಳು. ತೆರೆಯ ಮೇಲೆ ಗೆರೆ ಮೇಲಕ್ಕೇರಿತು.

“ಅಕ್ಕಾ, ಇದನ್ನ ಕಲ್ಯಾಕೆ ನೀವು ಎಲ್ಲಿ ಕೋರ್ಸ್ ಮಾಡಿದ್ರಿ?” ಎಂದು ಕೇಳಿದಳು.

“ಕೋರ್ಸಾ? ಒಬ್ರು ತಾತನ ಕೈ ನೋಡ್ಕೊಂಡು ಕಲ್ತಿದ್ದು. ಅವ್ರ ಹೆಸ್ರೂ ಗೊತ್ತಿಲ್ಲ. ಬಾ, ಮುಚ್ಚಳ ಹಾಕೋಕೆ ಮುಂಚೆ ಒಳಗೇನೈತೆ ನೋಡ್ಕೋ. ಮುಂದಿನ್ಸಲ ನೀನೇ ಮಾಡ್ಬೋದು.”

ಶಿಲ್ಪ ತಲೆ ಬಗ್ಗಿಸಿ ನೋಡಿದಳು. ಶಶಿರೇಖಾ ಕೇಬಲಿನ ಕೆಂಪು ಗೆರೆಯ ಮೇಲೆ ಬೆರಳಿಟ್ಟು ತೋರಿಸಿದಳು.

ವಾಪಸು ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಹೊಸಕೋಟೆ ದಾಟುತ್ತಿದ್ದಂತೆ ಕೆಂಪರಾಜ್ ಫೋನ್ ಮಾಡಿದ.

“ಶಶಿ, ಆಯ್ತಾ? ಕೇಳಿಲ್ಲಿ, ಸಮೇತನಹಳ್ಳಿ ಕಡೆಯೋರು ಯಾರೋ ಫೋನ್ ಮಾಡಿದ್ರು. ಲಾರಿ ತೂಕ ಹಾಕೋ ಕಡೆ ಕಂಪ್ಯೂಟರ್ ನಿಂತೈತಂತೆ. ಇವತ್ತೇ ಬರ್ತಾರಾ ಅಂತ ಕೇಳ್ತಾವ್ರೆ.”

“ನಾಳಿದ್ದು ಬರ್ತೀನಿ ಅಂತ ಹೇಳ್ರೀ” ಎಂದಳು ಶಶಿರೇಖಾ. “ನಾಳೆ ಪಂಚಿಂಗ್ ಮನೇಲಿ ಒಂದು ಡಿಸೈನು ಶುರು ಮಾಡ್ಬೇಕು. ನಂದೇ.”

ಬಸ್ಸಿನ ಸದ್ದಿಗೆ ಅವನಿಗೆ 'ನಂದೇ' ಅಂದದ್ದು ಕೇಳಿಸಲಿಲ್ಲವೇನೋ, ಏನಂದೆ ಎಂದ. ಅವಳು ಇನ್ನೊಮ್ಮೆ ಹೇಳಿದಳು, ಈ ಸಲ ಪಕ್ಕದ ಸೀಟಿನವರು ತಿರುಗಿ ನೋಡುವಷ್ಟು ಜೋರಾಗಿ.